ಹೊಲೋವ್ಚಿನ್ ಗೆಲುವಿನ ಲೆಕ್ಕ

ಸ್ವೀಡನ್ನಿನ ದೊರೆ ಹನ್ನೆರಡನೆಯ ಚಾರ್ಲ್ಸ್‌ನ ಮಾತು ಬಂದಾಗಲೆಲ್ಲ ಚರ್ಚೆ ಒಂದೋ 1700ರ ನಾರ್ವಾ ಕಾಳಗಕ್ಕೆ ಹೋಗಿ ನಿಲ್ಲುತ್ತದೆ, ಇಲ್ಲವೇ 1709ರ ಪೊಲ್ಟಾವಾ ಕಾಳಗಕ್ಕೆ. ಮೊದಲನೆಯದು ಹದಿನೆಂಟರ ಹರೆಯದಲ್ಲಿ ಅವನಿಗೆ ಕೀರ್ತಿ ತಂದಿತು, ಎರಡನೆಯದು ಅವನ ಸೇನೆಯನ್ನೇ ನುಂಗಿತು. ಎರಡೂ ರಷ್ಯಾದ ದೊರೆ ಪೀಟರ್‌ನ ಸೇನೆಯೊಂದಿಗೆ ನಡೆದ ಕಾಳಗಗಳು. ಇವೆರಡರ ನಡುವೆ, 1708ರ ಜುಲೈ ತಿಂಗಳಲ್ಲಿ, ಮಾಸ್ಕೋ ಕಡೆಗೆ ದಂಡೆತ್ತಿ ಹೊರಟಿದ್ದಾಗ, ಇಂದಿನ ಬೆಲಾರುಸ್ ದೇಶದ ಮೊಗಿಲೆವ್ ಸಮೀಪದ ಹೊಲೋವ್ಚಿನ್ ಎಂಬಲ್ಲಿ ಅವನು ವಾಬಿಚ್ ಎಂಬ ಸಣ್ಣ ಹೊಳೆಯನ್ನು ದಾಟಿ ರಷ್ಯನ್ನರನ್ನು ಸೋಲಿಸಿದ. ತಾನು ಗೆದ್ದ ಕಾಳಗಗಳಲ್ಲೆಲ್ಲ ಚಾರ್ಲ್ಸ್‌ಗೆ ಇದೇ ಅಚ್ಚುಮೆಚ್ಚಿನದಾಗಿತ್ತು ಎನ್ನುತ್ತಾರೆ. ಕಾಳಗದ ಕಲೆಯನ್ನಷ್ಟೇ ನೋಡಿದರೆ ಆ ಮೆಚ್ಚುಗೆಯಲ್ಲಿ ತಪ್ಪಿಲ್ಲ. ಆದರೆ ಹೊಳೆ ದಾಟಿದ ಮೇಲೆ ಆಚೆ ದಡದಲ್ಲಿ ಸ್ವೀಡನ್ನರಿಗೆ ಸಿಕ್ಕಿದ್ದೇನು ಎಂಬ ಲೆಕ್ಕ ಹಾಕಿದರೆ, ಈ ಗೆಲುವಿನಿಂದ ಸೋತವರಿಗೇ ಹೆಚ್ಚು ಲಾಭವಾಯಿತು ಎಂದು ನನಗೆ ಅನ್ನಿಸುತ್ತದೆ.

ಕಾಳಗದ ತಾರೀಖಿನಿಂದಲೇ ಗೊಂದಲ ಶುರುವಾಗುತ್ತದೆ. ರಷ್ಯನ್ನರ ಪಂಚಾಂಗದಲ್ಲಿ ಅದು ಜುಲೈ 3, ಸ್ವೀಡನ್ನರದರಲ್ಲಿ ಜುಲೈ 4, ಇಂದು ನಾವು ಬಳಸುವುದರಲ್ಲಿ ಜುಲೈ 14. ಸ್ವೀಡನ್ 1700ರಲ್ಲಿ ಪಂಚಾಂಗ ಬದಲಿಸಲು ಹೊರಟು, ಒಂದು ಅಧಿಕ ದಿನವನ್ನು ಬಿಟ್ಟು, ಆಮೇಲೆ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿತ್ತು. ಹೀಗಾಗಿ 1712ರವರೆಗೆ ಅದರ ದಿನಗಣನೆ ಅಕ್ಕಪಕ್ಕದ ಯಾವ ದೇಶದೊಂದಿಗೂ ಹೊಂದುತ್ತಿರಲಿಲ್ಲ.

ಚಾರ್ಲ್ಸ್‌ನಿಗೆ ನದಿ ದಾಟುವುದು ಹೊಸ ವಿದ್ಯೆಯಾಗಿರಲಿಲ್ಲ. 1701ರಲ್ಲಿ ರೀಗಾ ಪಟ್ಟಣದ ಬಳಿ ಹೊಗೆಯ ಮರೆಯಲ್ಲಿ ದ್ಯೂನಾ ನದಿಯನ್ನು ದಾಟಿದ್ದ; 1708ರ ಬೇಸಿಗೆಯಲ್ಲಿ ಬೊರಿಸೊವ್ ಕಡೆಗೆ ಹೋಗುವಂತೆ ತೋರಿಸಿ ಬೆರೆಜಿನಾ ನದಿಯನ್ನು ಬೇರೆಡೆ ದಾಟಿದ್ದ. ಈ ಎರಡೂ ನದಿಗಳ ಮುಂದೆ ವಾಬಿಚ್ ಏನೇನೂ ಅಲ್ಲ. ಅಲ್ಲಿದ್ದ ಕಷ್ಟ ಜೌಗಿನದು. ಎರಡೂ ದಡಗಳಲ್ಲಿ ಕಾಲಿಟ್ಟರೆ ಕುಸಿಯುವ ನೆಲವಿತ್ತು, ಸಾಲದ್ದಕ್ಕೆ ಮಳೆಯೂ ಸುರಿದಿತ್ತು. ರಷ್ಯನ್ ಸೇನೆ ಆಚೆ ದಡದಲ್ಲಿ ಬಲವಾಗಿಯೇ ಬೀಡುಬಿಟ್ಟಿತ್ತು. ಒಟ್ಟು ಬಲ 30,000ಕ್ಕೂ ಹೆಚ್ಚಿತ್ತು ಎಂಬ ಅಂದಾಜುಗಳಿವೆ. ಚಾರ್ಲ್ಸ್‌ನ ಕೈಯಲ್ಲಿ ಇದ್ದದ್ದು 12,000ದಷ್ಟು. ಆದರೆ ಆ ದೊಡ್ಡ ದಂಡು ಒಂದೇ ಕಡೆ ಇರಲಿಲ್ಲ. ಉತ್ತರಕ್ಕೆ ದಂಡನಾಯಕರಾದ ಶೆರೆಮೆತೆವ್ ಮತ್ತು ಮೆನ್ಶಿಕೊವ್, ಅವರ ದಕ್ಷಿಣಕ್ಕೆ ಸೇನಾಪತಿ ರೆಪ್ನಿನ್‌ನ ಕಾಲಾಳು ಪಡೆ, ಇನ್ನೂ ಆಚೆ ಗೋಲ್ಟ್ಸ್ ಎಂಬ ಸೇನಾಪತಿಯ ಕುದುರೆ ಪಡೆ. ಶೆರೆಮೆತೆವ್ ಮತ್ತು ರೆಪ್ನಿನ್ ಪಾಳೆಯಗಳ ನಡುವೆ ಒಂದು ಜೌಗು ಪ್ರದೇಶ. ಅಲ್ಲಿಂದ ಯಾರೂ ಬರಲಾರರು ಎಂಬ ನಂಬಿಕೆಯಲ್ಲಿ ರಷ್ಯನ್ನರು ಅದನ್ನು ಹಾಗೆಯೇ ಬಿಟ್ಟಿದ್ದರು. ಚಾರ್ಲ್ಸ್‌ನ ಕಣ್ಣು ಬಿದ್ದದ್ದು ಅದರ ಮೇಲೆಯೇ.

ಬೆಳಕು ಹರಿಯುವ ಮುನ್ನ, ಮಂಜು ಮುಸುಕಿದ್ದಾಗ, ಸ್ವೀಡಿಷ್ ತೋಪುಗಳು ರೆಪ್ನಿನ್‌ನ ಪಾಳೆಯದ ಮೇಲೆ ಗುಂಡಿನ ಮಳೆಗರೆಯತೊಡಗಿದವು. ತೇಲುಸೇತುವೆ ಕಟ್ಟಲೆಂದು ತಂದ ತೊಗಲಿನ ದೋಣಿಗಳು ಕೆಸರಿನಲ್ಲಿ ಹೊರಲಾರದಷ್ಟು ಭಾರವಾಗಿ ಹಿಂದೆಯೇ ಉಳಿದವು. ಸೇತುವೆಗೆ ಕಾಯುತ್ತ ಕುಳಿತರೆ ಬೆಳಕಾಗುತ್ತದೆ, ಬೆಳಕಾದರೆ ಗುಟ್ಟು ರಟ್ಟಾಗುತ್ತದೆ. ಚಾರ್ಲ್ಸ್ ತನ್ನ ಅಂಗರಕ್ಷಕ ದಳದ ಮುಂದೆ ತಾನೇ ನೀರಿಗಿಳಿದ. ಎದೆಮಟ್ಟದ ನೀರಿನಲ್ಲಿ, ಬಂದೂಕು ಮತ್ತು ಮದ್ದಿನ ಚೀಲಗಳನ್ನು ತಲೆಯ ಮೇಲೆ ಎತ್ತಿ ಹಿಡಿದು ಸೈನಿಕರು ದಾಟಿದರು. ಆಚೆ ದಡ ಹತ್ತಿದ ಮೇಲೆಯೂ ಗಟ್ಟಿ ನೆಲ ಸಿಗಬೇಕಾದರೆ ಜೌಗಿನಲ್ಲಿ ಹೆಣಗಬೇಕಾಯಿತು. ಕುದುರೆ ಪಡೆಗೆ ಕಾಲೂರಲು ಸೌದೆಯ ಕಟ್ಟುಗಳನ್ನು ಹಾಸಿದರು.

ರೆಪ್ನಿನ್‌ಗೆ ತನ್ನ ಹಾಗೂ ಶೆರೆಮೆತೆವ್‌ನ ನಡುವೆ ಶತ್ರು ನುಗ್ಗುತ್ತಿದ್ದಾನೆ ಎಂದು ತಿಳಿಯುವುದು ತಡವಾಗಲಿಲ್ಲ. ಆದರೆ ಅವನು ಮಾಡಬಹುದಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಭದ್ರವಾದ ಒಡ್ಡುಗಳನ್ನು ಬಿಟ್ಟು ಅವನ ಪಡೆ ಕಾಡಿನೊಳಕ್ಕೆ ಹಿಂಜರಿಯಿತು. ಹಿಂಜರಿಯುತ್ತಲೇ ಗುಂಡು ಹಾರಿಸಿತು. ಇದನ್ನು ಗಮನಿಸಬೇಕು. ಎಂಟು ವರ್ಷಗಳ ಹಿಂದೆ ನಾರ್ವಾದಲ್ಲಿ ಇದೇ ರಷ್ಯನ್ ಸೈನಿಕರು ದಿಕ್ಕುಗೆಟ್ಟು ಓಡಿದ್ದರು. ಇಲ್ಲಿ ಮರಗಳ ಮರೆಯಿಂದ ಸಾಲುಕಟ್ಟಿ ಗುಂಡು ಹೊಡೆದರು. ದಕ್ಷಿಣದಿಂದ ನೆರವಿಗೆ ಬಂದ ಗೋಲ್ಟ್ಸ್‌ನ ಕುದುರೆ ಪಡೆಯನ್ನು ಸ್ವೀಡಿಷ್ ಸೇನಾಪತಿ ರೆನ್‌ಶೋಲ್ಡ್‌ನ ಸವಾರರು ತಡೆದು ಹಿಮ್ಮೆಟ್ಟಿಸಿದರು. ಮುಖ್ಯ ದಾಳಿ ತನ್ನ ಮೇಲೆಯೇ ಬರುತ್ತದೆಂದು ಎಣಿಸಿ ನಿಂತಿದ್ದ ಶೆರೆಮೆತೆವ್‌ನಿಂದ ಸಮಯಕ್ಕೆ ಸರಿಯಾಗಿ ಯಾವ ನೆರವೂ ಬರಲಿಲ್ಲ. ಬಿಸಿಲೇರುವ ಹೊತ್ತಿಗೆ ರೆಪ್ನಿನ್‌ನ ಕಥೆ ಮುಗಿದಿತ್ತು, ಉಳಿದವರೂ ಜಾಗ ಖಾಲಿ ಮಾಡಿದರು.

ಸ್ವೀಡನ್ನರಲ್ಲಿ ಸತ್ತವರು ಸುಮಾರು 260, ಗಾಯಗೊಂಡವರು ಸಾವಿರಕ್ಕೂ ಹೆಚ್ಚು. ರಷ್ಯನ್ನರ ನಷ್ಟ ಇದಕ್ಕಿಂತ ಹೆಚ್ಚಿದ್ದರೂ ಅವರ ಸೇನೆಯ ಗಾತ್ರಕ್ಕೆ ಅದು ದೊಡ್ಡದಲ್ಲ. ಬಹುಪಾಲು ದಂಡು ಮುರಿಯದೆ ಹಿಂದೆ ಸರಿದಿತ್ತು. ತಾಯ್ನಾಡಿನಿಂದ ನೂರಾರು ಮೈಲಿ ದೂರದಲ್ಲಿದ್ದ ಸ್ವೀಡಿಷ್ ಸೇನೆಗೆ ಸಾವಿರ ಗಾಯಾಳುಗಳೆಂದರೆ ಸಾವಿರ ಗಾಡಿ-ಮಂಚಗಳ ಹೊರೆ, ಅವರ ಜಾಗ ತುಂಬಲು ಬೇರೆ ಜನವಿಲ್ಲ. ಸ್ವೀಡಿಷ್ ಪಾಳೆಯದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಜೇಮ್ಸ್ ಜೆಫ್ರೀಸ್, ರಷ್ಯನ್ನರು ಹಿಂದಿನ ಕಾಳಗಗಳಿಗಿಂತ ಚೆನ್ನಾಗಿ ಯುದ್ಧ ಕಲಿತಿದ್ದಾರೆ ಎಂದು ತನ್ನ ವರದಿಯಲ್ಲಿ ಬರೆದ. ಹೊರಗಿನವನ ಕಣ್ಣಿಗೆ ಬಿದ್ದ ಈ ಸಂಗತಿ ಚಾರ್ಲ್ಸ್‌ನ ಮುಂದಿನ ಯಾವ ತೀರ್ಮಾನದಲ್ಲೂ ಕಾಣುವುದಿಲ್ಲ.

ರಷ್ಯಾದ ಕಡೆ ನಡೆದದ್ದು ಬೇರೆ. ಕಾಳಗದ ಸ್ಥಳದಲ್ಲಿ ಇರದಿದ್ದ ಪೀಟರ್ ದೊರೆ ವಿವರ ತರಿಸಿಕೊಂಡು, ರೆಪ್ನಿನ್‌ನನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿದ. ರಾಜವಂಶೀಯನೂ ಸೇನಾಪತಿಯೂ ಆಗಿದ್ದ ಮನುಷ್ಯನನ್ನು ಪದವಿ ಕಳೆದು ಸಾಮಾನ್ಯ ಸಿಪಾಯಿಯಾಗಿಸಿದರು. ಈ ಶಿಕ್ಷೆ ನ್ಯಾಯವಾದದ್ದೇ? ನನಗೆ ಹಾಗನ್ನಿಸುವುದಿಲ್ಲ. ಪಾಳೆಯಗಳ ನಡುವೆ ಸಂದು ಉಳಿದದ್ದಕ್ಕೆ ರೆಪ್ನಿನ್ ಒಬ್ಬನೇ ಹೊಣೆಯಲ್ಲ; ಅವನಿಗಿಂತ ಮೇಲಿದ್ದ ಶೆರೆಮೆತೆವ್ ಮತ್ತು ಮೆನ್ಶಿಕೊವ್ ಆ ವ್ಯವಸ್ಥೆಗೆ ಉತ್ತರ ಹೇಳಬೇಕಿತ್ತು. ಮೆನ್ಶಿಕೊವ್ ದೊರೆಯ ಆಪ್ತ, ಶೆರೆಮೆತೆವ್ ಹಿರಿಯ ದಂಡನಾಯಕ. ಕೊನೆಗೆ ತಲೆ ಕೊಟ್ಟದ್ದು ಮಧ್ಯದಲ್ಲಿ ನಿಂತವನು. ಆದರೂ ಒಂದು ಮಾತು ಒಪ್ಪಲೇಬೇಕು: ಸೋಲನ್ನು ಮುಚ್ಚಿಹಾಕದೆ ವಿಚಾರಣೆ ಮಾಡಿದ್ದರಿಂದ ದಂಡನಾಯಕರಿಗೆಲ್ಲ ಎಚ್ಚರಿಕೆ ಮುಟ್ಟಿತು.

ಗೆದ್ದ ಚಾರ್ಲ್ಸ್ ದ್ನೀಪರ್ ದಡದ ಮೊಗಿಲೆವ್‌ಗೆ ಹೋಗಿ ಸುಮಾರು ಒಂದು ತಿಂಗಳು ಕಾದ. ಯಾರಿಗಾಗಿ? ಆಗ ಸ್ವೀಡನ್ನಿನ ವಶದಲ್ಲಿದ್ದ ರೀಗಾದ ಗವರ್ನರ್ ಲೆವೆನ್‌ಹಾಪ್ಟ್ ಸಾವಿರಾರು ಗಾಡಿಗಳಲ್ಲಿ ದವಸ ಮತ್ತು ಮದ್ದುಗುಂಡು ತುಂಬಿಸಿಕೊಂಡು ಹೊರಟಿದ್ದ. ಮಳೆಯ ದಾರಿಯಲ್ಲಿ ಆ ಗಾಡಿಗಳು ತೆವಳುತ್ತಿದ್ದವು. ಹಿಂದೆ ಸರಿಯುತ್ತಿದ್ದ ರಷ್ಯನ್ನರು ಹಳ್ಳಿಗಳನ್ನೂ ಬೆಳೆಯನ್ನೂ ಸುಡುತ್ತ ಹೋಗುತ್ತಿದ್ದರು. ಕೊನೆಗೆ ಚಾರ್ಲ್ಸ್ ಕಾಯುವುದನ್ನು ಬಿಟ್ಟು ನದಿ ದಾಟಿದ. ಸೆಪ್ಟೆಂಬರ್‌ನಲ್ಲಿ ಮಾಸ್ಕೋ ದಾರಿಯನ್ನೂ ಬಿಟ್ಟು ದಕ್ಷಿಣಕ್ಕೆ, ಉಕ್ರೇನ್ ಕಡೆಗೆ ತಿರುಗಿದ. ಬೆನ್ನಿಗೆ ಬರಬೇಕಿದ್ದ ಲೆವೆನ್‌ಹಾಪ್ಟ್‌ನನ್ನು ಪೀಟರ್ ಆ ತಿಂಗಳ ಕೊನೆಯಲ್ಲಿ ಲೆಸ್ನಾಯಾ ಹಳ್ಳಿಯ ಬಳಿ ಅಡ್ಡಗಟ್ಟಿ ಸೋಲಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ: ಅರ್ಧದಷ್ಟು ಜನ ಮಾತ್ರ ದೊರೆಯನ್ನು ಸೇರಿದರು, ಗಾಡಿಗಳು ಸೇರಲಿಲ್ಲ. ಒಂಬತ್ತು ತಿಂಗಳ ಬಳಿಕ ಪೊಲ್ಟಾವಾ ಗೆದ್ದ ಪೀಟರ್, ಆ ಗೆಲುವಿಗೆ ಲೆಸ್ನಾಯಾವೇ ತಾಯಿ ಎಂದು ಲೆಕ್ಕ ಹಾಕಿದ್ದು ಇದೇ ಕಾರಣಕ್ಕೆ.

ಹೊಲೋವ್ಚಿನ್‌ನಲ್ಲಿ ಚಾರ್ಲ್ಸ್‌ನ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಜೌಗಿನ ನಡುವೆ ದಾರಿ ಕಂಡುಕೊಂಡ ಅವನ ಬುದ್ಧಿ ನಿಜವಾದ ದಂಡನಾಯಕನದು. ಆದರೆ ಇಪ್ಪತ್ತಾರರ ಪ್ರಾಯದ ಆ ದೊರೆಗೆ ಮುಂದಿನ ಹೊಳೆಯನ್ನು ದಾಟುವ ಬಗೆ ತಿಳಿದಿದ್ದಷ್ಟು, ಮುಂದಿನ ತಿಂಗಳ ರೊಟ್ಟಿ ಎಲ್ಲಿಂದ ಬರುತ್ತದೆಂಬುದು ತಿಳಿದಿರಲಿಲ್ಲ. ಪೊಲ್ಟಾವಾ ಸೋಲಿನ ಕೆಲವೇ ದಿನಗಳಲ್ಲಿ ಪೆರೆವೊಲೊಚ್ನಾ ಎಂಬಲ್ಲಿ ದ್ನೀಪರ್ ದಾಟಲು ಸಾಕಷ್ಟು ದೋಣಿಗಳಿಲ್ಲದೆ, ಗಾಯಾಳು ದೊರೆಯನ್ನೂ ಕೆಲವು ಸಾವಿರ ಜನರನ್ನೂ ಆಚೆ ಕಳಿಸಿ, ಉಳಿದ ಸೇನೆಯನ್ನು ಲೆವೆನ್‌ಹಾಪ್ಟ್ ಮೆನ್ಶಿಕೊವ್‌ಗೆ ಒಪ್ಪಿಸಿದ.

ಸಿಪಾಯಿಯಾಗಿ ಇಳಿದಿದ್ದ ರೆಪ್ನಿನ್ ಲೆಸ್ನಾಯಾದಲ್ಲಿ ಬಂದೂಕು ಹಿಡಿದು ಕಾದಾಡಿ ತನ್ನ ಪದವಿಯನ್ನು ಮರಳಿ ಪಡೆದ. ಪೊಲ್ಟಾವಾದಲ್ಲಿ ರಷ್ಯನ್ ಸೇನೆಯ ನಡುಭಾಗ ಅವನ ಕೈಯಲ್ಲಿತ್ತು. 1710ರಲ್ಲಿ ರೀಗಾ ರಷ್ಯನ್ನರ ವಶವಾಯಿತು, ಮುಂದೆ ಅಲ್ಲಿನ ಗವರ್ನರ್ ಹುದ್ದೆಗೆ ಪೀಟರ್ ಆರಿಸಿದ್ದು ರೆಪ್ನಿನ್‌ನನ್ನೇ. ಲೆವೆನ್‌ಹಾಪ್ಟ್ ಗಾಡಿಗಳನ್ನು ತುಂಬಿಸಿಕೊಂಡು ಹೊರಟಿದ್ದ ಸೀಮೆಯನ್ನು ಆಮೇಲೆ ಆಳಿದವನು ಹೊಲೋವ್ಚಿನ್‌ನಲ್ಲಿ ಸೋತವನು.