ಇಪ್ಪತ್ತು ಅಡಿಯ ಸಾಧನೆ

ನನಗೆ ಬೇಕಾಗಿದ್ದು ಒಂದೂವರೆ ಅಡಿಯ ಬೋರ್ಡು. ‘ನಾಯಿ ಇದೆ, ಎಚ್ಚರಿಕೆ’, ಪಕ್ಕದಲ್ಲಿ ನಮ್ಮ ಕರಿಯನ ಫೋಟೊ, ಅಷ್ಟೇ. ಕರಿಯ ಯಾರನ್ನೂ ಕಚ್ಚುವವನಲ್ಲ. ಆದರೆ ಆ ವಿಷಯ ಊರಿಗೆಲ್ಲ ಗೊತ್ತಾಗಬಾರದು ಅಲ್ವಾ? ಹಾಸನದ ಬಿ.ಎಂ. ರಸ್ತೆ ಕಡೆಯ ಒಂದು ಫ್ಲೆಕ್ಸ್ ಅಂಗಡಿಗೆ ಹೋದೆ.

“ತಡೀರಿ ಸಾರ್, ದೊಡ್ಡ ಐಟಂ ಓಡ್ತಾ ಅದೆ” ಅಂದ ಅಂಗಡಿಯವನು.

ಮಿಷನ್ನಿನಿಂದ ಇಂಚಿಂಚಾಗಿ ಮುಖಗಳು ಹೊರಗೆ ಬರುತ್ತಿದ್ದವು. ಮೊದಲು ಸಂಸ್ಥಾಪಕರು. ಆಮೇಲೆ ಅವರ ಮಗ. ಆಮೇಲೆ ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಕೋಟು ಹಾಕಿದವರು, ಕೋಟನ್ನು ಕಂಪ್ಯೂಟರಿನಲ್ಲಿ ಹಾಕಿಸಿಕೊಂಡವರು. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಎತ್ತರ. ಊರಿನ ಒಂದು ಬಯೋಮೆಡಿಕಲ್ ಸ್ನಾತಕೋತ್ತರ ಸಂಸ್ಥೆಯ ಈ ವರ್ಷದ ಸಾಧಕರು. ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಇದೂ ಒಂದು ‘ಮಾಧ್ಯಮಗಳ ಮೆಚ್ಚುಗೆ’ ಅಂತ ಮುಂದಿನ ಫ್ಲೆಕ್ಸಿಗೆ ಸೇರಿಬಿಡುತ್ತದೆ.

ಸುಮ್ನೆ ನಿಂತು ಏನು ಮಾಡುವುದು, ಎಣಿಸಿದೆ. ಸಂಸ್ಥಾಪಕರು, ಅವರ ಮಗ ಬಿಟ್ಟು ನಲವತ್ತಮೂರು ಮುಖ.

“ಅಲ್ಲಿರೋ ಮೇಷ್ಟ್ರುಗಳೇ ನಲವತ್ತೊಂದು ಜನ ಸಾರ್. ಎಲ್ರೂ ಸಾಧಕ್ರೇ.”

“ಇನ್ನಿಬ್ಬರು?”

“ಟ್ರಸ್ಟಿ ಮೊಮ್ಮಕ್ಳು. ಸ್ಕೇಟಿಂಗ್‌ನಲ್ಲಿ ಪ್ರೈಜ್ ತಗಂಡವ್ರೆ.”

ಪ್ರತಿ ಮುಖದ ಕೆಳಗೂ ಒಂದು ಸಾಲು ಸಾಧನೆ. ಆರು ಜನರ ಕೆಳಗೆ ಒಂದೇ ಸಾಲು: ‘ಪೇಟೆಂಟ್ ಪ್ರಕಟವಾಗಿದೆ’. ಯಾವುದೋ ಸ್ಮಾರ್ಟ್ ಥರ್ಮಾಮೀಟರ್ ಅಂತೆ. ಓದಿದವರು ಪೇಟೆಂಟ್ ಸಿಕ್ಕಿದೆ ಅಂದುಕೊಳ್ಳಬೇಕು, ಅದಕ್ಕೇ ಹಾಗೆ ಬರೆಯುವುದು. ನಮ್ಮ ದೇಶದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರೆ, ಹದಿನೆಂಟು ತಿಂಗಳಾದ ಮೇಲೆ ಆ ಅರ್ಜಿ ತಾನಾಗಿಯೇ ಪೇಟೆಂಟ್ ಕಚೇರಿಯ ಜರ್ನಲಿನಲ್ಲಿ ಅಚ್ಚಾಗುತ್ತದೆ. ಪ್ರತಿ ಶುಕ್ರವಾರ ಆ ಜರ್ನಲ್ ಬರುತ್ತದೆ. ಅಷ್ಟು ದಿನ ಕಾಯಲಾರೆ ಅನ್ನುವವರಿಗೆ ಫಾರಂ 9 ಇದೆ, ಫೀಸು ಕಟ್ಟಿದರೆ ಬೇಗ ಹಾಕುತ್ತಾರೆ. ಅರ್ಜಿಯಲ್ಲಿ ಹುರುಳಿದೆಯಾ ಅಂತ ನೋಡುವುದು ಬೇರೆ ಹಂತ, ಪೇಟೆಂಟ್ ಕೊಡುವುದು ಅದಕ್ಕೂ ಆಚೆ. ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ಕೇಸರಿಬಾತು ತಿಂದು ಬಂದವನು ಬೀಗರೂಟಕ್ಕೆ ಕರೆದ ಹಾಗೆ.

ಇನ್ನೊಬ್ಬರು ‘ಅಂತಾರಾಷ್ಟ್ರೀಯ ಜರ್ನಲಿನ ಸಂಪಾದಕ ಮಂಡಳಿಗೆ ಆಯ್ಕೆ’. ಇದನ್ನು ಓದಿದಾಗಲೆಲ್ಲ ನನಗೆ ಪೋಲೆಂಡಿನ ಒಬ್ಬ ಹೆಣ್ಣುಮಗಳ ನೆನಪಾಗುತ್ತದೆ. ಹೆಸರು ಆನ್ನಾ ಓ. ಶುಸ್ತ್. 2015ರಲ್ಲಿ ಆಕೆ ನನ್ನನ್ನು ಸಂಪಾದಕಿ ಮಾಡಿಕೊಳ್ಳಿ ಅಂತ 360 ಸಂಶೋಧನಾ ಜರ್ನಲುಗಳಿಗೆ ಬರೆದಳು. ಒಂದೇ ಒಂದು ಸಂಶೋಧನಾ ಪೇಪರ್ ಪ್ರಕಟಿಸಿದವಳಲ್ಲ, ಸಂಪಾದನೆಯ ಅನುಭವ ಸೊನ್ನೆ. ಆದರೂ 48 ಜರ್ನಲುಗಳು ಬಾ ತಾಯಿ ಅಂದವು. ಆನ್ನಾ ಎಂಬುವಳು ಇರಲೇ ಇಲ್ಲ. ಯಾರು ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ ನೋಡೋಣ ಅಂತ ಅಲ್ಲಿನ ಸಂಶೋಧಕರು ಹುಟ್ಟಿಸಿದ ಹೆಸರು ಅದು. ‘ಓಶುಸ್ತ್’ ಅಂದರೆ ಪೋಲಿಷ್ ಭಾಷೆಯಲ್ಲಿ ಮೋಸಗಾರ. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದೆಲ್ಲ ಬಂತು. ನಮ್ಮ ಸಾಧಕರು ಸೇರಿದ ಮಂಡಳಿ ಎಂಥದ್ದೋ ನನಗೇನು ಗೊತ್ತು. ಫ್ಲೆಕ್ಸಿನಲ್ಲಿ ಜರ್ನಲಿನ ಹೆಸರು ಇರಲಿಲ್ಲ, ಸಾಧಕರ ಮೊಬೈಲ್ ನಂಬರ್ ಇತ್ತು.

ಮಿಷನ್ ಇನ್ನೂ ಓಡುತ್ತಲೇ ಇತ್ತು. ಹಳದಿ ಇಂಕು ಮುಗಿದು ಒಬ್ಬ ಡೀನ್ ಅರ್ಧಕ್ಕೇ ನಿಂತರು.

ಕೈಯಲ್ಲಿ ಕರಿಯನ ಫೋಟೊ ಹಿಡಿದು ಕೂತಿದ್ದ ನನಗೆ ಬೆಕ್ಕುಗಳು ನೆನಪಾದವು. 1975ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಭೌತಶಾಸ್ತ್ರದ ಮೇಷ್ಟ್ರು ಒಂದು ಪೇಪರ್ ಬರೆದರು. ಬರೆದವರು ಒಬ್ಬರೇ, ಆದರೆ ಉದ್ದಕ್ಕೂ ‘ನಾವು’ ಅಂತ ಟೈಪ್ ಮಾಡಿಬಿಟ್ಟಿದ್ದರು. ಜರ್ನಲಿನವರು ಒಪ್ಪುವುದಿಲ್ಲ ಅಂತ ಸ್ನೇಹಿತರು ಹೇಳಿದರು. ಟೈಪ್‌ರೈಟರ್ ಕಾಲ, ಮತ್ತೆ ಯಾರು ಟೈಪ್ ಮಾಡುತ್ತಾರೆ? ಮನೆಯ ಬೆಕ್ಕನ್ನೇ ಎಫ್.ಡಿ.ಸಿ. ವಿಲ್ಲರ್ಡ್ ಎಂಬ ಹೆಸರಲ್ಲಿ ಸಹಲೇಖಕ ಮಾಡಿಕೊಂಡರು. ಪೇಪರ್ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಬಂತು. ನಮ್ಮಲ್ಲಾಗಿದ್ದರೆ ಗೌರವಕ್ಕೆ ‘ನಾವು’ ಅಂದೆವು ಅಂತ ಪಾರಾಗಬಹುದಿತ್ತು. ಪಾಪ, ಇಂಗ್ಲಿಷಿನಲ್ಲಿ ಆ ಸೌಕರ್ಯ ಇಲ್ಲ.

ಆ ಬೆಕ್ಕಿನ ಹಿಂದೆ ಕನಿಷ್ಠ ಒಂದು ನಿಜವಾದ ಪೇಪರ್ ಇತ್ತು. 2024ರಲ್ಲಿ ಬಂದ ಲ್ಯಾರಿ ಎಂಬ ಬೆಕ್ಕಿಗೆ ಅದೂ ಬೇಕಾಗಲಿಲ್ಲ. ಒಬ್ಬರ ಪೇಪರನ್ನು ಇನ್ನೊಂದು ಪೇಪರಿನಲ್ಲಿ ಹೆಸರಿಸಿದರೆ ಅದು ಒಂದು ಸೈಟೇಷನ್. ದುಡ್ಡು ಕೊಟ್ಟರೆ ಅದು ಹೇಗೆ ಸಿಗುತ್ತದೆ ಅಂತ ತೋರಿಸಲು ಇಬ್ಬರು ಸಂಶೋಧಕರು ಬೆಕ್ಕಿನ ಹೆಸರಲ್ಲಿ ಅರ್ಥವಿಲ್ಲದ ಹನ್ನೆರಡು ಪೇಪರ್ ಹುಟ್ಟಿಸಿದರು. ಅವನ್ನು ಹೊಗಳಲು ಇನ್ನಷ್ಟು ಪೇಪರ್ ಹುಟ್ಟಿಸಿದರು. ಗೂಗಲ್ ಸ್ಕಾಲರ್ ಕಣ್ಣುಮುಚ್ಚಿ ಲೆಕ್ಕ ಹಾಕಿತು. ಸೈಟೇಷನ್ 132, ಎಚ್-ಇಂಡೆಕ್ಸ್ 11. ಅಂದರೆ ತಲಾ ಹನ್ನೊಂದು ಸಲವಾದರೂ ಹೆಸರಿಸಿಕೊಂಡ ಪೇಪರ್ ಹನ್ನೊಂದು. ನನ್ನ ಮುಂದಿನ ಫ್ಲೆಕ್ಸಿನಲ್ಲಿ ಒಬ್ಬರ ಕೆಳಗೆ ‘ಎಚ್-ಇಂಡೆಕ್ಸ್ 4’ ಅಂತ ದಪ್ಪಕ್ಷರದಲ್ಲಿತ್ತು. ಬೆಕ್ಕಿನ ಮುಂದೆ ನಿಲ್ಲುವುದು ಕಷ್ಟ.

ಹೊಗಳಿಕೊಳ್ಳುವುದೇನೂ ಹೊಸದಲ್ಲ ಬಿಡಿ. ಇಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ಹೋದರೆ ಬೇಲೂರು. ಅಲ್ಲಿನ ಗುಡಿಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಕೂಡ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ, ಬಿರುದನ್ನೂ ಬಿಟ್ಟಿಲ್ಲ. ಆದರೆ ಮೊದಲು ಮದನಿಕೆಯನ್ನು ಕಡೆದರು, ಆಮೇಲೆ ಅವಳ ಕಾಲ ಕೆಳಗೆ, ಬಗ್ಗಿ ನೋಡಿದರೆ ಕಾಣುವ ಹಾಗೆ ಹೆಸರು ಹಾಕಿದರು. ಇಲ್ಲಿ ಮದನಿಕೆ ಬಿಟ್ಟು ಮಿಕ್ಕಿದ್ದೆಲ್ಲ ಇದೆ.

ನಮ್ಮ ಮನೆ ಮಹಡಿಯ ಮೇಲೆ ಬಾಡಿಗೆಗಿರುವ ಹುಡುಗಿ ಇದೇ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಫ್ಲೆಕ್ಸಿನಲ್ಲಿ ಹುಡುಕಿದೆ, ಇಲ್ಲ. ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಅವಳಿಗೆ ಅದು ಹಾಸನಾಂಬೆ ಗುಡಿಯ ಬಾಗಿಲಿದ್ದಂತೆ, ವರ್ಷಕ್ಕೊಮ್ಮೆ ತೆರೆಯುತ್ತದೆ. ಬಾಡಿಗೆ ಕೊಡುವಾಗ ಪ್ರತಿ ಸಲ “ಅಂಕಲ್, ಇನ್ನೊಂದು ವಾರ” ಅನ್ನುತ್ತಾಳೆ. ಒಂದು ರಾತ್ರಿ ಕರೆಂಟ್ ಹೋದಾಗ, ಲ್ಯಾಬಿನ ಜನರೇಟರಿಗೆ ಡೀಸೆಲ್ ಇಲ್ಲ ಅಂತ ಫೋನ್ ಬಂತು. ಮೈನಸ್ 80 ಫ್ರೀಜರಿನಲ್ಲಿರುವ ಸ್ಯಾಂಪಲ್ ಕರಗಿದರೆ ಎರಡು ವರ್ಷ ನೀರಿಗೆ ಹೋದ ಹಾಗೆ. ನನ್ನ ಸ್ಕೂಟರಿನಲ್ಲೇ ಕ್ಯಾನ್ ಇಟ್ಟುಕೊಂಡು ಹೋಗಿ ಡೀಸೆಲ್ ತಂದು ಸುರಿದೆವು.

ಅವಳು ಮೂರು ವರ್ಷ ನೋಡಿದ್ದು ಒಂದೇ. ನಾಟಿ ಔಷಧಿಯ ಒಂದು ಗಿಡದ ರಸ ಒಂದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದಾ? ಕೊಲ್ಲಲಿಲ್ಲ. ಮತ್ತೆ ಮಾಡಿದಳು, ಕೊಲ್ಲಲಿಲ್ಲ. ಹಾಗಂತಲೇ ಬರೆದಳು. ನಾಳೆ ಇನ್ನೊಬ್ಬರು ಅದೇ ಗಿಡದ ಹಿಂದೆ ಮೂರು ವರ್ಷ ಅಲೆಯುವುದು ತಪ್ಪಿತು. ಆದರೆ ಗೈಡ್ ಸಾಹೇಬರ ಮುಖ ಸಪ್ಪಗಾಯಿತು. “ಕೊಲ್ಲಲಿಲ್ಲ ಅಂತ ಫ್ಲೆಕ್ಸ್ ಹಾಕಕ್ಕಾಗುತ್ತೇನಮ್ಮ?”

ಕೊಲ್ಲುತ್ತದೆ ಅಂದಿದ್ದರೆ ಕಥೆಯೇ ಬೇರೆ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಕಲ್ಲುಹೂವಿನಿಂದ ತೆಗೆದ ಒಂದು ಅಣು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಅಂತ ಸುಳ್ಳು ಪೇಪರ್ ಬರೆದ. ಹೌದು, ನಮ್ಮ ಮಸಾಲೆಪುಡಿಗೆ ಹಾಕುವ ಕಲ್ಲುಹೂವಿನ ಜಾತಿಯದ್ದೇ. ಇಲ್ಲದ ವಿಜ್ಞಾನಿಯ, ಇಲ್ಲದ ಸಂಸ್ಥೆಯ ಹೆಸರು ಹಾಕಿದ. ಪ್ರಯೋಗದಲ್ಲಿ ಬೇಕಂತಲೇ ದೊಡ್ಡ ತಪ್ಪುಗಳನ್ನಿಟ್ಟ. 304 ಜರ್ನಲುಗಳಿಗೆ ಕಳಿಸಿದ. 157 ಒಪ್ಪಿಕೊಂಡವು.

2025ರ ಜೂನ್ ತಿಂಗಳು ನೆನಪಿದೆಯಲ್ಲ? ಹಾಸನದಲ್ಲಿ ದಿನಾ ಹೃದಯಾಘಾತದ ಸುದ್ದಿ. ಎದೆ ಚುಳುಕ್ ಅಂದರೂ ಜನ ಮೈಸೂರಿಗೆ ಓಡುತ್ತಿದ್ದರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಆಗ ನಾನು ಈ ಸಾಧಕರಲ್ಲೊಬ್ಬರನ್ನು ಮಹಾರಾಜ ಪಾರ್ಕಿನಲ್ಲಿ ಹಿಡಿದು ಕೇಳಿದ್ದೆ, “ಸಾರ್, ಇದು ನಿಮ್ಮದೇ ವಿಷಯ ಅಲ್ವಾ, ನೀವೇನಾದ್ರೂ ನೋಡ್ತಾ ಇದೀರಾ?” ಅವರು ವಾಕಿಂಗ್ ನಿಲ್ಲಿಸದೆ, “ಅದು ಲೋಕಲ್ ಇಶ್ಯೂ, ನಮ್ಮದು ಇಂಟರ್‌ನ್ಯಾಷನಲ್” ಅಂದರು.

ಕೊನೆಗೂ ಮಿಷನ್ ನಿಂತಿತು. ಇಬ್ಬರು ಹುಡುಗರು ಸಾಧಕರನ್ನು ಚಾಪೆಯಂತೆ ಸುತ್ತಿದರು.

“ಇದನ್ನು ಹೇಮಾವತಿ ಪ್ರತಿಮೆ ಹತ್ತಿರ ಕಟ್ತಾರಾ? ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧ ಮಾಡಿದೆಯಲ್ಲಪ್ಪ?”

“ಅದು ಕಾಗದದಲ್ಲಿ ಸಾರ್. ಇದು ಫ್ಲೆಕ್ಸಲ್ಲಿ.”

ಹಳೆಯದಕ್ಕೇ ಜಾಸ್ತಿ ಬೇಡಿಕೆ ಅಂತೆ. ಹೋದ ವರ್ಷದ ಸಾಧಕರನ್ನು ಹಳ್ಳಿಯ ರೈತರೊಬ್ಬರು ಒಯ್ದು ಹುಲ್ಲಿನ ಮೆದೆಗೆ ಹೊದಿಸಿದ್ದಾರೆ. ಇಡೀ ಮಳೆಗಾಲ ಒಂದು ಹನಿ ಒಳಗಿಳಿದಿಲ್ಲ. ಆ ಸಂಸ್ಥೆಯಿಂದ ಜಿಲ್ಲೆಯ ರೈತರಿಗೆ ಆಗಿರುವ ಉಪಕಾರ ನನಗೆ ತಿಳಿದ ಮಟ್ಟಿಗೆ ಇದೊಂದೇ.

ನನ್ನ ಬೋರ್ಡು ಸಂಜೆ ಮನೆಗೆ ಬಂತು. ಬಿಚ್ಚಿ ನೋಡಿದರೆ ಕರಿಯ ಚೆನ್ನಾಗಿಯೇ ಬಂದಿದ್ದ. ಆದರೆ ಕಂಪ್ಯೂಟರಿನಲ್ಲಿ ಬೆಳಗಿನ ಡಿಸೈನೇ ತೆರೆದಿತ್ತು ಅಂತ ಕಾಣುತ್ತದೆ. ಅವನ ಸುತ್ತ ಚಿನ್ನದ ಬಣ್ಣದ ಚೌಕಟ್ಟು, ತಲೆಯ ಮೇಲೆ ‘ಹಾರ್ದಿಕ ಅಭಿನಂದನೆಗಳು’. ‘ನಾಯಿ ಇದೆ, ಎಚ್ಚರಿಕೆ’ ಅನ್ನುವುದು ಕೆಳಗೆ, ಹುದ್ದೆ ಬರೆಯುವ ಜಾಗದಲ್ಲಿ ಸಣ್ಣಕ್ಷರದಲ್ಲಿತ್ತು. ದುಡ್ಡು ಕೊಟ್ಟಾಗಿದೆ, ಇರಲಿ ಅಂತ ಗೇಟಿಗೆ ಕಟ್ಟಿದೆ.

ಮಾರನೇ ದಿನ ಕೊರಿಯರ್ ಹುಡುಗ ಬಂದ. ಬೋರ್ಡನ್ನು ಒಂದು ನಿಮಿಷ ನಿಂತು ನೋಡಿದ. ಆಮೇಲೆ ಗೇಟಿನೊಳಗೆ ಬಾಲ ಅಲ್ಲಾಡಿಸುತ್ತಿದ್ದ ಕರಿಯನ ಕಡೆ ತಿರುಗಿ ಕೇಳಿದ, “ಇವ್ರೂ ಆ ಕಾಲೇಜಲ್ಲೇನಾ ಸಾರ್?”