ಕೊರಳ ಚೀಟಿ

ಸಮ್ಮೇಳನಗಳಿಗೆ ನಾನು ಹೋಗುವುದು ವಿಚಾರ ತಿಳಿಯಲಿಕ್ಕೆ ಎಂದು ಮನೆಯಲ್ಲಿ ಯಾರೂ ನಂಬುವುದಿಲ್ಲ. ನಂಬದಿರುವುದಕ್ಕೆ ಪುರಾವೆ ಅಟ್ಟದ ಮೇಲಿದೆ: ಹನ್ನೊಂದು ಚೀಲಗಳು. ತೆಂಗು ಮೇಳದ ಚೀಲದಲ್ಲಿ ಮನೆಯಾಕೆ ಹಪ್ಪಳ ತುಂಬಿಸಿದ್ದಾಳೆ, ಜೇನು ಕೃಷಿಯ ಚೀಲದಲ್ಲಿ ಹಳೆಯ ಚಪ್ಪಲಿಗಳಿವೆ. ಕಳೆದ ಮೇ ತಿಂಗಳಲ್ಲಿ ಕಾಸರಗೋಡು ಪೇಟೆಯಲ್ಲಿ ಅಡಿಕೆ ಕೃಷಿಕರ ಸಮ್ಮೇಳನವಿದೆ ಎಂದಾಗ ಆಕೆ ಕೇಳಿದ್ದು ಒಂದೇ ಮಾತು: "ಈ ಸಲವಾದರೂ ಚೀಲಕ್ಕೆ ಜಿಪ್ ಇರುತ್ತದೆಯೇ?"

ಪೆರ್ಲದಿಂದ ಹೊರಟ ಬಸ್ ಬದಿಯಡ್ಕ, ಚೆರ್ಕಳ ದಾಟಿ ಕಾಸರಗೋಡು ಮುಟ್ಟುವಾಗ ಅಲ್ಲಿ ಉಪ್ಪಿಟ್ಟು ಮುಗಿದಿತ್ತು. ಬಾಗಿಲಲ್ಲಿ ಕುಳಿತ ಹುಡುಗಿಗೆ ಹೆಸರು ಹೇಳಿದೆ. ಚೀಲವನ್ನೂ (ಜಿಪ್ ಇತ್ತು!) ಕೊರಳಿಗೆ ಹಾಕಿಕೊಳ್ಳುವ ಚೀಟಿಯನ್ನೂ ಕೊಟ್ಟಳು. ಚೀಟಿ ಮಲೆಯಾಳದಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಕಲಿತ ನನಗೆ ಮಲೆಯಾಳ ಮಾತನಾಡಲು ಬರುತ್ತದೆ, ಜಗಳವಾಡಲೂ ಬರುತ್ತದೆ, ಓದಲು ಮಾತ್ರ ಬರುವುದಿಲ್ಲ. ಹೆಸರಿನ ಮುಂದೆ ಒಂದು ಸುರುಳಿ ಅಕ್ಷರ, ಅದರ ಪಕ್ಕ ಒಂದು ಚುಕ್ಕಿ. 'ಶ್ರೀ' ಇರಬೇಕು, ಮರ್ಯಾದಸ್ಥರು ಎಂದುಕೊಂಡೆ.

ಮೊದಲ ಗೋಷ್ಠಿ ಎಲೆಚುಕ್ಕಿ ರೋಗದ ಬಗ್ಗೆ. ಪರದೆಯ ಮೇಲೆ ಗೆರೆಗಳು ಏರಿದವು, ಇಳಿದವು. ಅವುಗಳ ಜೊತೆಗೆ ನನ್ನ ರೆಪ್ಪೆಗಳೂ ಇಳಿದವು.

ಚಹಾದ ಹೊತ್ತಿಗೆ ಒಬ್ಬರು ಬಂದು ಕೈಮುಗಿದು "ನಮಸ್ಕಾರ ಡಾಕ್ಟರೇ" ಎಂದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆಯಿತ್ತು. ಸುರುಳಿ ಅಕ್ಷರದ ಅರ್ಥ ಆಗ ಹೊಳೆಯಿತು. ನನ್ನ ಹೆಸರಿನವರು ನಮ್ಮ ಸೀಮೆಯಲ್ಲಿ ಕಲ್ಲೆಸೆದರೆ ನಾಲ್ವರಿಗೆ ತಾಗುವಷ್ಟಿದ್ದಾರೆ, ಅವರಲ್ಲೊಬ್ಬರು ಡಾಕ್ಟರಾಗಿದ್ದರೆ ತಪ್ಪು ನನ್ನದಲ್ಲ. ತಿದ್ದಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು, "ಎರಡು ಸಲ ಮದ್ದು ಬಿಟ್ಟೆ, ಆದರೂ ಕೊಳೆರೋಗ ಬಂತು" ಎಂದುಬಿಟ್ಟರು. ತೆರೆದ ಬಾಯಿ ಹಾಗೆಯೇ ನಿಂತಿತು.

ಏಕೆಂದರೆ ನಮ್ಮಲ್ಲಿ ಒಬ್ಬ ಕೃಷಿಕ ಇನ್ನೊಬ್ಬನಿಗೆ ತೋಟದ ನಿಜ ಹೇಳುವುದಿಲ್ಲ. ಫಸಲು ಬಂದರೆ ಕಣ್ಣು ತಾಗೀತೆಂದು ಕಡಿಮೆ ಹೇಳುತ್ತಾನೆ, ಕೊಳೆ ಬಂದರೆ ಮಾನ ಹೋದೀತೆಂದು ಏನೂ ಆಗಿಲ್ಲ ಎನ್ನುತ್ತಾನೆ. ಹಿಂದಿನ ಮಳೆಗಾಲದಲ್ಲಿ ನನ್ನ ಕಾಲುಭಾಗ ಅಡಿಕೆ ಕೊಳೆತು ನೆಲಕ್ಕುದುರಿದ್ದನ್ನು ಪಕ್ಕದ ತೋಟದ ಭಾವನಿಗೆ ನಾನು ಇಂದಿಗೂ ಹೇಳಿಲ್ಲ. ಡಾಕ್ಟರ ಮುಂದೆ ಮಾತ್ರ ಎಲ್ಲರೂ ಅಂಗಿ ಬಿಚ್ಚುತ್ತಾರೆ. ಹತ್ತು ನಿಮಿಷದಲ್ಲಿ ನನ್ನ ಸುತ್ತ ಏಳೆಂಟು ಮಂದಿ ಸೇರಿದರು. ಎಲ್ಲರದ್ದೂ ನನ್ನದೇ ಕಥೆ.

ಏನಾದರೂ ಹೇಳಲೇಬೇಕಿತ್ತು. ಗೊತ್ತಿದ್ದದ್ದನ್ನು ಹೇಳಿದೆ. ಕೊಳೆರೋಗಕ್ಕೆ ನಾವು ಬಿಡುವ ಮದ್ದು ಬೋರ್ಡೋ ದ್ರಾವಣ, ಅದರ ಮೂಲ ಫ್ರಾನ್ಸಿನ ದ್ರಾಕ್ಷಿ ತೋಟ. ದಾರಿಹೋಕರು ಹಣ್ಣು ಕದಿಯದಿರಲೆಂದು ಬದಿಯ ಬಳ್ಳಿಗಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಾಗದ್ದನ್ನು ಮಿಲಾರ್ಡೆ ಎಂಬವರು ಗಮನಿಸಿ 1885ರಲ್ಲಿ ಮದ್ದಾಗಿ ಪ್ರಕಟಿಸಿದರು. ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದವರು ಲೆಸ್ಲಿ ಕೋಲ್ಮನ್. ಒಬ್ಬರು ಇಸವಿಯನ್ನು ಅಂಗೈಯಲ್ಲಿ ಬರೆದುಕೊಂಡರು. ಇಸವಿಯಿಂದ ಕೊಳೆ ನಿಲ್ಲುವುದಿಲ್ಲ ಎಂದು ನನಗೂ ಗೊತ್ತಿತ್ತು.

ಆಗ ದೇಲಂಪಾಡಿ ಕಡೆಯ ಹಿರಿಯರೊಬ್ಬರು ಮೆಲ್ಲಗೆ ಕೆಮ್ಮಿದರು. "ನನಗೂ ಮೂರು ವರ್ಷ ಹೀಗೆಯೇ ಆಯಿತು ಡಾಕ್ಟರೇ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಲೆಕ್ಕ ಸರಿಯೇ ಇತ್ತು. ಸುಣ್ಣ ಮಾತ್ರ ಹಳೆಯದು, ಬಾಯಿ ಕಟ್ಟದೆ ಇಟ್ಟದ್ದು. ಗಾಳಿ ಕುಡಿದ ಸುಣ್ಣ ಸತ್ತ ಸುಣ್ಣ. ಕೊನೆಗೆ ಕತ್ತಿಯ ಅಲಗು ಅದ್ದಿ ನೋಡಿದೆ, ಕೆಂಪಗಾಯಿತು. ಕೆಂಪಗಾದರೆ ಸುಣ್ಣ ಸಾಲದು ಎಂದರ್ಥ, ಅಲ್ಲವೇ?"

ಡಾಕ್ಟರು ಗಂಭೀರವಾಗಿ ತಲೆಯಾಡಿಸಿದರು. ಡಾಕ್ಟರ ಕೊಟ್ಟಿಗೆಯಲ್ಲಿ ಎರಡು ವರ್ಷದ ಸುಣ್ಣದ ಗೋಣಿ ಬಾಯಿ ತೆರೆದು ನಿಂತಿತ್ತು.

ಊಟಕ್ಕೆ ಗಣ್ಯರ ಸಾಲಿನಲ್ಲಿ ಕೂರಿಸಿದರು. ಪಾಯಸ ಎರಡು ಸಲ ಬಂತು. ಮೂರನೆಯದಕ್ಕೆ ಎಲೆ ಒತ್ತರಿಸುತ್ತಿದ್ದಾಗ ಧ್ವನಿವರ್ಧಕದಲ್ಲಿ ನನ್ನ ಹೆಸರು ಕೇಳಿಸಿತು: ಮುಂದಿನ ಉಪನ್ಯಾಸ ಡಾಕ್ಟರದ್ದು. ಎದ್ದು ಕೈತೊಳೆಯುವ ನಳ್ಳಿಯತ್ತ ಓಡಿದೆ. ಅಲ್ಲಿ ಸಣಕಲು ದೇಹದ ಒಬ್ಬರು ತಮ್ಮ ಕೊರಳಿನ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತುಮಕೂರು ಕಡೆಯವರಂತೆ, ಮಲೆಯಾಳ ಅವರಿಗೂ ಬಾರದು.

ಚೀಟಿ ಬದಲಿಸಿಕೊಂಡೆವು. ಕ್ಷಮೆ ಕೇಳಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. "ನನ್ನ ಉಪನ್ಯಾಸವನ್ನೇ ಬದಲಿಸಬೇಕೇನೋ" ಎಂದರು. "ಬೆಳಗಿನಿಂದ ಇಪ್ಪತ್ತು ಕೃಷಿಕರನ್ನು ಮಾತನಾಡಿಸಿದೆ. ನಿಮ್ಮ ಊರಿನಲ್ಲಿ ಯಾರ ತೋಟಕ್ಕೂ ಕೊಳೆರೋಗವೇ ಇಲ್ಲವಂತೆ!"

ನಾನು ದೇಲಂಪಾಡಿಯ ಹಿರಿಯರನ್ನು ಬೆರಳೆತ್ತಿ ತೋರಿಸಿದೆ. "ಅವರನ್ನು ಕೇಳಿ. ಈ ಚೀಟಿ ಹಾಕಿಕೊಂಡು ಕೇಳಿ."

ಹೋಗುವ ಮೊದಲು ಡಾಕ್ಟರು ಸಂಕೋಚದಿಂದ ಇನ್ನೊಂದು ವಿಷಯ ತೆಗೆದರು. ಯಂತ್ರದ ಮಳಿಗೆಯವರು ಅವರನ್ನು ಕೃಷಿಕರೆಂದು ನಂಬಿ, ನೆಲದಲ್ಲಿ ನಿಂತೇ ಗೊನೆ ಕೊಯ್ಯುವ 60 ಅಡಿಯ ಕಾರ್ಬನ್ ಫೈಬರ್ ದೋಟಿಯನ್ನು ಮಾರಿಬಿಟ್ಟಿದ್ದರು. ಅವರ ಮನೆಯಿರುವುದು ಮೂರನೆಯ ಮಹಡಿಯಲ್ಲಿ, ಒಂದು ತುಳಸಿ ಗಿಡ ಇದೆ.

ಮಡಚಿದರೂ ನನಗಿಂತ ಉದ್ದದ ಆ ದೋಟಿಗೆ ಬಸ್ಸಿನಲ್ಲಿ ಬೇರೆಯೇ ಟಿಕೆಟ್ ಕೊಟ್ಟರು. ಸಂಜೆ ಅಂಗಳದಲ್ಲಿ ಮನೆಯಾಕೆ ದೋಟಿಯನ್ನು ಬುಡದಿಂದ ತುದಿಯವರೆಗೆ ನೋಡಿ, "ಚೀಲ ಎಲ್ಲಿ?" ಎಂದಳು. ಜಿಪ್ ಇದ್ದ ಚೀಲ ನಳ್ಳಿಯ ಹತ್ತಿರವೇ ಉಳಿದಿತ್ತು. ನಾನು ಉತ್ತರ ಕೊಡದೆ ಕೊಟ್ಟಿಗೆಗೆ ಹೋಗಿ, ಸುಣ್ಣದ ಗೋಣಿಯನ್ನು ಎಳೆದುಕೊಂಡು ಹೊರಬಂದೆ.