ಟಂಕಸಾಲೆಯ ತಪ್ಪೋ, ವಾಡಿ ಜಂಕ್ಷನ್ನಿನದೋ

ಹಳೇ ನಾಣ್ಯ ಕೂಡಿಡುವವನು ಅಂತ ಒಂದ್ಸಲ ಹೆಸರು ಬಿದ್ದರೆ ಮುಗೀತು. ಕಲಬುರಗಿಯಲ್ಲಿ ಯಾರ ಮದುವೆಗೆ ಹೋದರೂ ಊಟದ ಸಾಲಿನಲ್ಲಿ ಒಬ್ಬರಾದರೂ ಜೇಬಿನಿಂದ ಸೊಟ್ಟ ರೂಪಾಯಿ ತೆಗೆದು, "ಕಾಕಾ, ಇದು ಮಿಸ್ಟೇಕ್ ಕಾಯಿನ್ ಅದ ನೋಡ್ರಿ, ಲಕ್ಷ ಬರ್ತದಂತ ಮೊಬೈಲ್‌ದಾಗ ತೋರ್ಸ್ಯಾರ" ಅನ್ನುತ್ತಾರೆ. ನಾನು ಕೈ ಒರೆಸಿಕೊಂಡು ಭೂತಗನ್ನಡಿ ತೆಗೆಯುತ್ತೇನೆ. ಬಹಳಷ್ಟು ಸಲ ಅದು ಟಂಕಸಾಲೆಯ ತಪ್ಪಲ್ಲ, ರೈಲಿನದು. ವಾಡಿ ಜಂಕ್ಷನ್ ಹತ್ತಿರ ಹುಡುಗರು ಹಳಿ ಮೇಲೆ ಇಟ್ಟು ಚಪ್ಪಟೆ ಮಾಡಿದ ಆ ನಾಣ್ಯಕ್ಕೂ ಹೈದರಾಬಾದಿನ ಟಂಕಸಾಲೆಗೂ ಉಳಿದಿರುವ ಸಂಬಂಧ ಅಂದರೆ ಇಸವಿ ಕೆಳಗೆ ಆ ಟಂಕಸಾಲೆಯ ಗುರುತಾಗಿ ಇರುವ ನಕ್ಷತ್ರ ಅಷ್ಟೇ.

ನಾನು ಮೊದಲು ನೋಡೋದು ಗುರುತು ಮೇಲೆದ್ದಿದೆಯಾ, ಒಳಗಿಳಿದಿದೆಯಾ ಅಂತ. ಅಚ್ಚು ಬಿರುಕು ಬಿಟ್ಟಿದ್ದರೆ ಆ ಬಿರುಕಿನೊಳಗೆ ಲೋಹ ನುಗ್ಗುತ್ತದೆ, ಹಾಗಾಗಿ ನಾಣ್ಯದ ಮೇಲೆ ಗೆರೆ ಉಬ್ಬಿಕೊಂಡು ಬರುತ್ತದೆ. ಗೀರು ಕೊರೆದುಕೊಂಡು ಹೋಗುತ್ತದೆ. ಉಗುರು ಆಡಿಸಿದರೂ ಗೊತ್ತಾಗುತ್ತದೆ. ಅಕ್ಷರ ಮಾಯವಾಗಿದ್ದರೆ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಅಚ್ಚಿನ ಗುಂಡಿಯಲ್ಲಿ ಗ್ರೀಸೋ ಕಸವೋ ತುಂಬಿಕೊಂಡರೆ ಅಕ್ಷರ ಮೂಡೋದೇ ಇಲ್ಲ, ಆದರೆ ಸುತ್ತಲಿನ ಮೈಗೆ ಏನೂ ಆಗಿರುವುದಿಲ್ಲ. ಶಹಾಬಾದ್ ಪರಸಿ ಕಲ್ಲಿನ ಮೇಲೆ ತಿಕ್ಕಿ ಅಳಿಸಿದ್ದರೆ ಅಕ್ಷರದ ಜೊತೆ ಮೈಯೂ ಸವೆದು, ಒಂದೇ ದಿಕ್ಕಿಗೆ ಸಣ್ಣ ಗೆರೆಗಳು ಹೊಳೆಯುತ್ತಿರುತ್ತವೆ.

ನನಗೆ ಬಹಳ ಇಷ್ಟವಾದದ್ದು ಅಂಚು ಕಚ್ಚಿದ ನಾಣ್ಯ. ಲೋಹದ ಪಟ್ಟಿಯಿಂದ ಇನ್ನೂ ಅಚ್ಚು ಬೀಳದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ ಹಿಂದಿನ ತೂತಿನ ಒಂದು ತುಣುಕು ಹೊಸ ಬಿಲ್ಲೆಯಲ್ಲಿ ಸೇರಿ, ಅಲ್ಲಿ ಅರ್ಧಚಂದ್ರದ ಹಾಗೆ ಜಾಗ ಖಾಲಿ ಬೀಳುತ್ತದೆ. ಇದನ್ನು ಅರದಲ್ಲಿ ಉಜ್ಜಿಯೂ ಮಾಡಬಹುದಲ್ವಾ? ಮಾಡುತ್ತಾರೆ. ಆದರೆ ಉಜ್ಜುವವನ ಗಮನವೆಲ್ಲ ಕಚ್ಚಿದ ಕಡೆಗೇ ಇರುತ್ತದೆ, ನಾನು ಅದರ ಎದುರಿನ ಅಂಚು ನೋಡುತ್ತೇನೆ. ಅಚ್ಚು ಹೊಡೆಯುವ ಮೊದಲು ಬಿಲ್ಲೆಯ ಸುತ್ತ ಅಂಚು ಎಬ್ಬಿಸುವ ಯಂತ್ರ ಎರಡೂ ಬದಿಯಿಂದ ಒತ್ತಬೇಕು. ಒಂದು ಬದಿ ಖಾಲಿ ಇದ್ದರೆ ಎದುರು ಬದಿಗೂ ಒತ್ತಡ ಸಿಗದೆ ಅಂಚು ಮಂಕಾಗಿ, ಅರ್ಧಂಬರ್ಧ ಎದ್ದಿರುತ್ತದೆ. ಅರ ಹಿಡಿದವನಿಗೆ ಇದು ಹೊಳೆಯೋದಿಲ್ಲ. ಅವನ ನಾಣ್ಯದಲ್ಲಿ ಆಚೆ ಬದಿಯ ಅಂಚು ಠಾಕುಠೀಕಾಗಿ ನಿಂತಿರುತ್ತದೆ, ಪಾಪ.

ಈ ಲೆಕ್ಕವೆಲ್ಲ ಯಂತ್ರದ ನಾಣ್ಯಕ್ಕೆ ಮಾತ್ರ. ಬಹಮನಿಯವರ ತಾಮ್ರದ ನಾಣ್ಯ ತಂದು "ಅಚ್ಚು ಪಕ್ಕಕ್ಕ ಸರಿದದ" ಅಂದರೆ ನಗು ಬರುತ್ತದೆ. 1347ರಲ್ಲಿ ಕಲಬುರಗಿ ರಾಜಧಾನಿಯಾಯಿತು, ಆಮೇಲೆ ಬೀದರ್. ಆ ಕಾಲದಲ್ಲಿ ಕೆಳಗೊಂದು ಅಚ್ಚು, ನಡುವೆ ಬಿಲ್ಲೆ, ಮೇಲೊಂದು ಅಚ್ಚು, ಅದರ ಮೇಲೆ ಸುತ್ತಿಗೆ. ಅಚ್ಚೇ ಬಿಲ್ಲೆಗಿಂತ ದೊಡ್ಡದು. ಸುಲ್ತಾನರ ಹೆಸರು ಅರ್ಧ ಮೂಡಿ ಅರ್ಧ ಹೊರಗೆ ಹೋಗೋದು ಅಲ್ಲಿ ದಿನನಿತ್ಯದ ಮಾತು. ಹೆಸರು, ಇಸವಿ ಎರಡೂ ಪೂರ್ತಿ ಕೂತಿದ್ದರೆ ಅದನ್ನೇ ವಿಶೇಷ ಅನ್ನಬೇಕು.

ಇನ್ನು ತೂತು. 1943ರಿಂದ 1947ರವರೆಗೆ ಬಂದ ತೂತಿನ ಕಾಸು ಟಂಕಸಾಲೆಯಲ್ಲೇ ತೂತಾದದ್ದು, ಯುದ್ಧಕಾಲದಲ್ಲಿ ಲೋಹ ಉಳಿಸಲು. ಅದರ ತೂತು ದುಂಡಗೆ, ಸರಿಯಾಗಿ ನಡುವೆ. ನಾಲ್ಕಾಣೆಯ ತಲೆ ಹತ್ತಿರ ಮೊಳೆ ಹೊಡೆದ ತೂತಿದ್ದರೆ, ಇಲ್ಲವೇ ಬೆಸುಗೆಯ ಕಲೆ ಇದ್ದರೆ, ಅದು ತಾಂಡಾದ ಲಂಬಾಣಿ ಅಜ್ಜಿಯೊಬ್ಬರ ಬಟ್ಟೆಯಿಂದಲೋ ಸರದಿಂದಲೋ ಬಿಡಿಸಿಕೊಂಡು ಬಂದಿರಬಹುದು. ಹಳೇ ಬೆಳ್ಳಿ ರೂಪಾಯಿ ಮೇಲೆ ಸರಾಫರು ಬೆಳ್ಳಿ ಪರೀಕ್ಷಿಸಿ ಒತ್ತಿದ ಸಣ್ಣ ಠಸ್ಸೆಯೂ ಹಾಗೇ. ವ್ಯಾಪಾರಿಗಳು ಇವನ್ನೆಲ್ಲ ಡ್ಯಾಮೇಜ್ ಅಂತ ಬದಿಗಿಟ್ಟು ಬೆಲೆ ಇಳಿಸುತ್ತಾರೆ. ಇಳಿಸಲಿ, ನನಗೆ ಸಸ್ತಾ ಸಿಗುತ್ತವೆ. ಗ್ರೀಸು ತುಂಬಿದ ಅಚ್ಚಿಗಿಂತ ಸರಾಫನ ಅನುಮಾನ ನನಗೆ ಹೆಚ್ಚು ರುಚಿ.

ಹತ್ತು ರೂಪಾಯಿ ನಾಣ್ಯದ ಕಥೆ ಬೇರೆಯೇ. 14 ವಿನ್ಯಾಸದವೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದ್ದರೂ ನಮ್ಮ ಕಡೆ ಎಷ್ಟೋ ಅಂಗಡಿಯವರು ಮುಟ್ಟೋದಿಲ್ಲ. ಸರಿಯಾದ ನಾಣ್ಯಕ್ಕೆ ಹತ್ತು ರೂಪಾಯಿ ಬೆಲೆಯೂ ಇಲ್ಲ, ನಡುವಿನ ಬಿಲ್ಲೆ ಹಾರಿಹೋದದ್ದಕ್ಕೆ ಲಕ್ಷದ ಆಸೆ! ಟಂಕಸಾಲೆಯಲ್ಲೇ ನಡುವಿನ ಬಿಲ್ಲೆ ಇಲ್ಲದೆ ಅಚ್ಚು ಬಿದ್ದಿದ್ದರೆ ಸುತ್ತಲಿನ ಬಳೆಯ ಒಳಅಂಚಿನ ಲೋಹ ತೂತಿನ ಕಡೆಗೆ ಸರಿದಿರುತ್ತದೆ. ಮನೆಯಲ್ಲಿ ಕುಟ್ಟಿ ಬೀಳಿಸಿದ್ದರೆ ಹಾಗಿರುವುದಿಲ್ಲ, ಪೆಟ್ಟಿನ ಗುರುತೂ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ.

ನಾನು ಕಾಯುತ್ತಿರುವ ತಪ್ಪು ಒಂದಿದೆ. ಹೊಡೆದ ನಾಣ್ಯ ಹೊರಗೆ ಬೀಳದೆ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತದೆ. ಆಗ ಒಂದು ಮೈಯಲ್ಲಿ ಸಿಂಹ ಉಬ್ಬಿ ನಿಂತರೆ, ಇನ್ನೊಂದು ಮೈಯಲ್ಲಿ ಅದೇ ಸಿಂಹ ಉಲ್ಟಾ ಆಗಿ ಒಳಗಿಳಿದಿರುತ್ತದೆ. ಇದನ್ನೂ ಬಿಡುವುದಿಲ್ಲ ಜನ, ಎರಡು ನಾಣ್ಯ ಜೋಡಿಸಿ ವೈಸಿನಲ್ಲಿ ಅಮುಕುತ್ತಾರೆ. ಆಗ ಉಲ್ಟಾ ಸಿಂಹದ ಸಂದಿಯಲ್ಲಿ ಆ ನಾಣ್ಯದ ಸ್ವಂತ ಅಂಕಿ ಇಣುಕುತ್ತಿರುತ್ತದೆ. ಅಂಥದ್ದನ್ನು ತಂದವರ ಜೊತೆ ನಾನು ವಾದಕ್ಕೆ ಇಳಿಯೋದಿಲ್ಲ. ಹತ್ತು ರೂಪಾಯಿ ನಾಣ್ಯ ತಗೊಳ್ಳುವ ಹೋಟೆಲ್ ಹತ್ತಿರದಲ್ಲಿದ್ದರೆ ಚಹಾ ಕುಡಿಸಿ ಕಳಿಸುತ್ತೇನೆ.